ಸೆಕೆ ಹೆಚ್ಚಿದಂತೆ ಜೀವಿಗಳ ಜೀನ್‌ಗಳೂ ಬದಲಾಗುತ್ತವೆಯೇ?

ಪ್ರಶ್ನೆ — ವಿಜ್ಞಾನ ಶಿಕ್ಷಕಿ, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕಳೆದ ವಾರ ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠ ನಡೆದಿತ್ತು. ಮೆಂಡೆಲನ ಬಟಾಣಿ ಗಿಡಗಳ ಲೆಕ್ಕವನ್ನು ಹಲಗೆಯ ಮೇಲೆ ಬರೆದು ಮುಗಿಸಿ ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಮೊದಲೆಲ್ಲ ಇಷ್ಟು ಸೆಕೆ ಇರಲಿಲ್ಲ ಅಂತ ನಮ್ಮಪ್ಪ ಹೇಳ್ತಾರೆ. ಹಾಗಾದರೆ ಹೊಲದ ಗಿಡಗಳೂ ಒಳಗಿಂದ ಬದಲಾಗ್ತಾ ಇರ್ತಾವಾ, ಇಲ್ಲ ಸುಮ್ಮನೆ ತಡ್ಕೊಂಡಿರ್ತಾವಾ?" ಎಂದು ಕೇಳಿದಳು. ಗಿಡಗಳು ನಿಧಾನವಾಗಿ ಹೊಂದಿಕೊಳ್ಳುತ್ತವೆ ಎಂದು ಹೇಳಿ ಕೂರಿಸಿದೆ. ಆದರೆ ಅದು ಉತ್ತರವೇ ಅಲ್ಲವೆಂದು ಆಕೆಯ ಮುಖ ನೋಡಿದಾಗಲೇ ತಿಳಿಯಿತು. ಹೊಂದಿಕೊಳ್ಳುವುದು ಎಂದರೆ ಏನು ಎಂಬುದನ್ನೇ ಆ ಮಗು ಕೇಳಿದ್ದು.

ಆದ್ದರಿಂದ ಬಲ್ಲವರನ್ನು ಕೇಳುತ್ತಿದ್ದೇನೆ. ಬಿಸಿಲು, ಮಳೆಯ ಲೆಕ್ಕ ತಪ್ಪಿದಾಗ ಜೀವಿಯೊಂದು ತನ್ನ ನಡವಳಿಕೆಯನ್ನು ಬದಲಿಸಿಕೊಳ್ಳುವುದಕ್ಕೂ ಅದರ ವಂಶದ ಜೀನ್‌ಗಳೇ ಬದಲಾಗುವುದಕ್ಕೂ ಇರುವ ವ್ಯತ್ಯಾಸವನ್ನು ನಿಜವಾಗಿ ಗುರುತಿಸಿದವರು ಇದ್ದಾರೆಯೇ? ಗುರುತಿಸಿದ್ದರೆ ಯಾವ ಬಗೆಯಲ್ಲಿ? ಇಂಥ ಬದಲಾವಣೆ ಹವಾಮಾನದ ವೇಗಕ್ಕೆ ಸಮನಾಗಿ ನಡೆಯಬಲ್ಲುದೇ? ಮಕ್ಕಳಿಗೆ ಹೇಳಬಹುದಾದ ಉದಾಹರಣೆಗಳಿದ್ದರೆ ಬಹಳ ಉಪಕಾರವಾಗುತ್ತದೆ.

ಉತ್ತರ — ಕೀಟಲೋಕ

ಮೇಡಂ, ನಿಮ್ಮ ವಿದ್ಯಾರ್ಥಿನಿ ಕೇಳಿರುವುದು ಈ ಶಾಸ್ತ್ರದ ನಟ್ಟನಡುವಿನ ಪ್ರಶ್ನೆ. ಅವಳ ಮಾತಿನಲ್ಲಿರುವ 'ಒಳಗಿಂದ' ಮತ್ತು 'ಸುಮ್ಮನೆ' ಎಂಬ ಎರಡು ಪದಗಳನ್ನು ಬಿಡಿಸಲು ವಿಜ್ಞಾನಿಗಳು ದಶಕಗಳ ಕಾಲ ದುಡಿದಿದ್ದಾರೆ.

ಮೊದಲು 'ಸುಮ್ಮನೆ' ಹೊಂದಿಕೊಳ್ಳುವ ಉದಾಹರಣೆ ನೋಡೋಣ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ ಗ್ರೇಟ್ ಟಿಟ್ ಎಂಬ ಚೇಕಡಿ ಹಕ್ಕಿಗಳು ಮೊಟ್ಟೆಯಿಡುವ ದಿನವನ್ನು ವರ್ಷವರ್ಷವೂ ಬರೆದಿಡುತ್ತಾ ಬಂದಿದ್ದಾರೆ. ಅರ್ಧ ಶತಮಾನಕ್ಕೆ ಹತ್ತಿರವಾದ ಆ ದಾಖಲೆಯನ್ನು 2008ರಲ್ಲಿ ವಿಶ್ಲೇಷಿಸಿದಾಗ, ಹಕ್ಕಿಗಳು ಸುಮಾರು ಎರಡು ವಾರ ಮುಂಚೆಯೇ ಮೊಟ್ಟೆಯಿಡತೊಡಗಿರುವುದು ಕಂಡುಬಂತು. ವಸಂತ ಬೇಗ ಬೆಚ್ಚಗಾದರೆ ಎಲೆಗಳ ಮೇಲಿನ ಕಂಬಳಿಹುಳುಗಳೂ ಬೇಗ ಬರುತ್ತವೆ, ಮರಿಗಳಿಗೆ ಅವೇ ಆಹಾರ. ಇದು ವಂಶದಲ್ಲಾದ ಬದಲಾವಣೆಯೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ಒಂದೊಂದು ಹೆಣ್ಣುಹಕ್ಕಿಯನ್ನೂ ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿ ನೋಡಿದಾಗ, ಅದೇ ಹಕ್ಕಿ ಬೆಚ್ಚನೆಯ ವರ್ಷದಲ್ಲಿ ಬೇಗ, ತಂಪಾದ ವರ್ಷದಲ್ಲಿ ತಡವಾಗಿ ಮೊಟ್ಟೆಯಿಡುತ್ತಿತ್ತು. ಇಷ್ಟರಿಂದಲೇ ಆ ಎರಡು ವಾರಗಳ ಬದಲಾವಣೆಯನ್ನು ವಿವರಿಸಬಹುದಾಗಿತ್ತು. ಇದನ್ನು ಪ್ಲಾಸ್ಟಿಸಿಟಿ ಎನ್ನುತ್ತಾರೆ, ಕನ್ನಡದಲ್ಲಿ ನಮ್ಯತೆ ಎನ್ನಬಹುದು. ಇಲ್ಲಿ ಜೀನ್ ಬದಲಾಗಬೇಕಾಗಿಲ್ಲ. ಒಂದೇ ಜೀವಿ ಎರಡು ಋತುಗಳಿಗೆ ಎರಡು ರೀತಿಯಲ್ಲಿ ನಡೆದುಕೊಳ್ಳುತ್ತದೆ.

ಇನ್ನು 'ಒಳಗಿಂದ' ಬದಲಾಗುವ ಉದಾಹರಣೆ. ನನ್ನ ಮಟ್ಟಿಗೆ ಇದಕ್ಕಿಂತ ಸ್ವಚ್ಛವಾದ ಸಾಕ್ಷ್ಯ ಇನ್ನೊಂದಿಲ್ಲ. ಉತ್ತರ ಅಮೆರಿಕದ ಪೂರ್ವ ಭಾಗದ ಜೌಗು ನೆಲಗಳಲ್ಲಿ ನೇರಳೆ ಹೂಜಿಗಿಡವೆಂಬ ಕೀಟಾಹಾರಿ ಸಸ್ಯವಿದೆ. ಅದರ ಎಲೆಗಳು ಗಿಂಡಿಯ ಆಕಾರದಲ್ಲಿದ್ದು ಮಳೆನೀರು ಹಿಡಿದಿಟ್ಟುಕೊಳ್ಳುತ್ತವೆ. ಆ ಗಿಂಡಿಯೊಳಗಿನ ಒಂದೆರಡು ಗುಟುಕು ನೀರಿನಲ್ಲೇ ವೈಯೋಮಿಯಾ ಸ್ಮಿತಿಯೈ ಎಂಬ ಸೊಳ್ಳೆಯ ಮರಿಗಳು ಬೆಳೆಯುತ್ತವೆ. ಉತ್ತರದ ತಂಪು ಪ್ರದೇಶದಲ್ಲಿರುವ ಈ ಸೊಳ್ಳೆಗಳು ಯಾರನ್ನೂ ಕಚ್ಚುವುದಿಲ್ಲ. ಚಳಿಗಾಲ ಬರುವ ಮೊದಲು ಮರಿಹುಳು ಬೆಳವಣಿಗೆಯನ್ನು ನಿಲ್ಲಿಸಿ ಜಡನಿದ್ರೆಗೆ ಹೋಗಬೇಕು. ತಡಮಾಡಿದರೆ ಹಿಮ ಅದನ್ನು ಕೊಲ್ಲುತ್ತದೆ. ಅವಸರಪಟ್ಟರೆ ಸಂಗ್ರಹಿಸಿಟ್ಟ ಕೊಬ್ಬು ವಸಂತದವರೆಗೆ ಸಾಲದೆ ಹೋಗಬಹುದು, ಇನ್ನೊಂದು ಪೀಳಿಗೆ ಹುಟ್ಟಿಸುವ ಅವಕಾಶವೂ ಕೈತಪ್ಪಬಹುದು.

ಮಲಗುವ ಹೊತ್ತು ಯಾವುದೆಂದು ಹುಳು ತೀರ್ಮಾನಿಸುವುದು ಚಳಿಯನ್ನು ನೋಡಿ ಅಲ್ಲ, ಹಗಲಿನ ಉದ್ದವನ್ನು ನೋಡಿ. ಹಗಲು ಒಂದು ಗೊತ್ತಾದ ಅವಧಿಗಿಂತ ಗಿಡ್ಡವಾದರೆ ಅದು ಮಲಗುತ್ತದೆ. ಆ ಅವಧಿ ಎಷ್ಟೆಂಬುದು ತಂದೆತಾಯಿಯಿಂದ ಬರುವ ಗುಣ. ಒರೆಗನ್ ವಿಶ್ವವಿದ್ಯಾಲಯದ ವಿಲಿಯಂ ಬ್ರಾಡ್‌ಶಾ ಮತ್ತು ಕ್ರಿಸ್ಟೀನಾ ಹೋಲ್ಜಾಫೆಲ್ ಬೇರೆ ಬೇರೆ ಅಕ್ಷಾಂಶಗಳಿಂದ ಈ ಸೊಳ್ಳೆಗಳನ್ನು ತಂದು, ಪ್ರಯೋಗಾಲಯದಲ್ಲಿ ಒಂದೇ ಉಷ್ಣತೆ, ಒಂದೇ ಆಹಾರ ಕೊಟ್ಟು ಬೆಳೆಸಿ, ದೀಪದ ಅವಧಿಯನ್ನು ಹೆಚ್ಚುಕಡಿಮೆ ಮಾಡಿ ಆ ಮಿತಿಯನ್ನು ಅಳೆದರು. ಉತ್ತರ ಅಕ್ಷಾಂಶ 50 ಡಿಗ್ರಿಯಲ್ಲಿ 1972ರಲ್ಲಿ ಆ ಮಿತಿ ಸುಮಾರು 15 ಗಂಟೆ 47 ನಿಮಿಷ ಇದ್ದದ್ದು 1996ರ ಹೊತ್ತಿಗೆ ಸುಮಾರು 15 ಗಂಟೆ 11 ನಿಮಿಷಕ್ಕೆ ಇಳಿದಿತ್ತು. ಎಂದರೆ 1996ರ ಸೊಳ್ಳೆಗಳು 1972ರವಕ್ಕಿಂತ ಸುಮಾರು ಒಂಬತ್ತು ದಿನ ತಡವಾಗಿ ಮಲಗುತ್ತಿದ್ದವು. ಈ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಕೇವಲ ಐದು ವರ್ಷಗಳ ಅಂತರದಲ್ಲಿಯೂ ಈ ಬದಲಾವಣೆಯನ್ನು ಗುರುತಿಸಬಹುದೆಂದು ಅವರು ತೋರಿಸಿದರು.

ಇಲ್ಲಿ ಎರಡು ಸಂಗತಿಗಳನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಭೂಮಿ ಎಷ್ಟೇ ಬಿಸಿಯಾದರೂ ಒಂದು ಊರಿನಲ್ಲಿ ಆಗಸ್ಟ್ 15ರ ಹಗಲಿನ ಉದ್ದ ಬದಲಾಗುವುದಿಲ್ಲ. ಆದ್ದರಿಂದ ಸೊಳ್ಳೆ ನೋಡುವ ಗಡಿಯಾರ ಹಿಂದಿನಂತೆಯೇ ಇದೆ, ಆ ಗಡಿಯಾರಕ್ಕೆ ಅದು ಕೊಡುವ ಅರ್ಥ ಮಾತ್ರ ಬದಲಾಗಿದೆ. ಎಲ್ಲ ಸೊಳ್ಳೆಗಳನ್ನೂ ಒಂದೇ ಸೂರಿನಡಿ, ಒಂದೇ ಸ್ಥಿತಿಯಲ್ಲಿ ಬೆಳೆಸಿದ ಮೇಲೂ ವ್ಯತ್ಯಾಸ ಉಳಿದದ್ದರಿಂದ ಅದು ವಾತಾವರಣ ಕೊಟ್ಟದ್ದಲ್ಲ, ವಂಶದ್ದು. ನಮ್ಯತೆಯನ್ನೂ ವಂಶದ ಬದಲಾವಣೆಯನ್ನೂ ಬೇರ್ಪಡಿಸುವ ಒರೆಗಲ್ಲು ಇದೇ.

ಎರಡನೆಯದು ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ಯಾವ ಒಂದು ಸೊಳ್ಳೆಯೂ ತನ್ನ ಜೀನನ್ನು ತಾನು ಬದಲಿಸಿಕೊಳ್ಳಲಿಲ್ಲ. ತಡವಾಗಿ ಮಲಗುವ ಕೆಲವು ಸೊಳ್ಳೆಗಳು 1972ರಲ್ಲಿಯೂ ಇದ್ದವು. ಆಗ ಹಿಮ ಅವುಗಳಲ್ಲಿ ಹೆಚ್ಚಿನವನ್ನು ಕೊಲ್ಲುತ್ತಿತ್ತು. ಬೆಚ್ಚನೆಯ ದಿನಗಳು ಉದ್ದವಾದ ಮೇಲೆ ಅವೇ ಹೆಚ್ಚು ಮರಿ ಬಿಟ್ಟವು, ಹಾಗಾಗಿ ಹಿಂಡಿನಲ್ಲಿ ಅವುಗಳ ಪಾಲು ಹೆಚ್ಚಿತು. ಬದಲಾದದ್ದು ಹಿಂಡಿನ ಲೆಕ್ಕ. ನಮ್ಮ ಪಾಠಗಳಲ್ಲಿ "ಜೀವಿಗಳು ಪರಿಸರಕ್ಕೆ ತಕ್ಕಂತೆ ಬದಲಾಗುತ್ತವೆ" ಎಂಬ ಒಂದೇ ವಾಕ್ಯದಲ್ಲಿ ಈ ಎರಡನ್ನೂ ಕಲಸಿಬಿಡುತ್ತೇವೆ ಎಂಬುದು ನನ್ನ ಬಹುದಿನದ ಕೊರಗು.

ಉತ್ತರ — ಬೀಜದ ಗಡಿಗೆ

ಮೇಲಿನ ಉತ್ತರ ಬಹಳ ಚೆನ್ನಾಗಿದೆ. ಆ ಹುಡುಗಿ ಹೊಲದ ಗಿಡಗಳ ಬಗ್ಗೆ ಕೇಳಿದ್ದರಿಂದ ನಾನು ಗಿಡದ ಉದಾಹರಣೆಯನ್ನೇ ಸೇರಿಸುತ್ತೇನೆ. ಗಿಡದಲ್ಲಿ ಒಂದು ದೊಡ್ಡ ಅನುಕೂಲವಿದೆ. ಬೀಜವನ್ನು ಎತ್ತಿಟ್ಟರೆ ಅಜ್ಜನನ್ನೂ ಮೊಮ್ಮಗನನ್ನೂ ಒಂದೇ ಪಾತಿಯಲ್ಲಿ ಬೆಳೆಸಿ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಸಾಸಿವೆಯ ನೆಂಟನಾದ ಬ್ರಾಸಿಕಾ ರಾಪಾ ಎಂಬ ಗಿಡ ಕಳೆಯಂತೆ ಬೆಳೆಯುತ್ತದೆ. ಅಲ್ಲಿ 1997ರಲ್ಲಿ ಆಯ್ದ ಬೀಜ ಸಂಗ್ರಹದಲ್ಲಿತ್ತು. ಅನಂತರ 2000ದಿಂದ 2004ರವರೆಗೆ ತೀವ್ರ ಬರ ಬಂತು. ಬರ ಮುಗಿಯುವ ಹೊತ್ತಿಗೆ ಅದೇ ಜಾಗಗಳಿಂದ ಮತ್ತೆ ಬೀಜ ತಂದು, ವಿಜ್ಞಾನಿ ಸ್ಟೀವನ್ ಫ್ರಾಂಕ್ಸ್ ಮತ್ತು ಸಂಗಡಿಗರು ಹಳೆಯ ಬೀಜದ ಸಂತತಿಯನ್ನೂ ಹೊಸ ಬೀಜದ ಸಂತತಿಯನ್ನೂ ಒಟ್ಟಿಗೆ ಬೆಳೆಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬರ ಕಂಡ ವಂಶ ಒಂದು ಜಾಗದಲ್ಲಿ ಸುಮಾರು 1.9 ದಿನ, ಇನ್ನೊಂದು ಜಾಗದಲ್ಲಿ ಸುಮಾರು 8.6 ದಿನ ಮೊದಲೇ ಹೂಬಿಟ್ಟಿತು. ಮಳೆ ಬೇಗ ನಿಂತುಹೋಗುವ ನೆಲದಲ್ಲಿ, ತೇವ ಆರುವ ಮೊದಲು ಹೂಬಿಟ್ಟು ಕಾಳುಕಟ್ಟಿದ ಗಿಡದ ಬೀಜವೇ ಮುಂದಿನ ವರ್ಷಕ್ಕೆ ಉಳಿದದ್ದು. ಹಳೆಯ ಮತ್ತು ಹೊಸ ವಂಶಗಳನ್ನು ಪರಸ್ಪರ ಪರಾಗಸ್ಪರ್ಶ ಮಾಡಿಸಿದಾಗ ಹುಟ್ಟಿದ ಗಿಡಗಳು ಎರಡರ ನಡುವಿನ ದಿನದಲ್ಲಿ ಹೂಬಿಟ್ಟವು. ಇದು ಜೀನ್‌ಗಳದೇ ಕೆಲಸವೆಂಬುದಕ್ಕೆ ಇದಕ್ಕಿಂತ ಸರಳವಾದ ಪುರಾವೆ ಬೇಕಿಲ್ಲ. ಮೆಂಡೆಲನ ಕೋಷ್ಟಕದ ಪಕ್ಕದಲ್ಲಿಯೇ ಇದನ್ನು ಬರೆದು ತೋರಿಸಬಹುದು.

ಈ ಉದಾಹರಣೆ ನನ್ನ ಮನಸ್ಸಿಗೆ ಹತ್ತಿರವಾಗಲು ಇನ್ನೊಂದು ಕಾರಣವಿದೆ. ಬೀಜ ಬ್ಯಾಂಕಿನ ಶೀತಲ ಕೋಣೆಯಲ್ಲಿಟ್ಟ ಬೀಜ, ಇಟ್ಟ ವರ್ಷದಲ್ಲಿಯೇ ನಿಂತುಬಿಡುತ್ತದೆ. ಆ ಬಳಿಕ ಬಂದ ಬರ, ರೋಗ, ಸೆಕೆ ಯಾವುದನ್ನೂ ಅದು ಕಂಡಿರುವುದಿಲ್ಲ. ರೈತ ವರ್ಷವರ್ಷವೂ ಬಿತ್ತಿ, ತೆನೆ ಆಯ್ದು, ಮತ್ತೆ ಬಿತ್ತುವ ಬೀಜ ಆ ಪರೀಕ್ಷೆಗಳನ್ನೆಲ್ಲ ಬರೆಯುತ್ತಲೇ ಇರುತ್ತದೆ. ಅಘನಾಶಿನಿ ಹೊಳೆ ಕಡಲು ಸೇರುವ ಕುಮಟಾ ಕಡೆಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತವನ್ನೇ ನೋಡಿ. ಉಪ್ಪುನೀರು ನುಗ್ಗಿದರೆ ಬೇರೆ ಭತ್ತ ಸುಟ್ಟುಹೋಗುವಲ್ಲಿ ಅದು ನಿಲ್ಲುತ್ತದೆ. ಅದನ್ನು ಯಾವ ಪ್ರಯೋಗಾಲಯವೂ ಮಾಡಲಿಲ್ಲ. ತಲೆತಲಾಂತರದಿಂದ ಆ ಉಪ್ಪುಗದ್ದೆಯಲ್ಲಿ ಉಳಿದ ತೆನೆಯ ಕಾಳನ್ನೇ ಮರುವರ್ಷಕ್ಕೆ ಇಟ್ಟುಕೊಂಡು ಬಂದದ್ದರ ಫಲ ಅದು. ಹಾಗಾಗಿ ಬೀಜ ಬ್ಯಾಂಕೂ ಬೇಕು, ಹೊಲವೂ ಬೇಕು. ಕಗ್ಗ ಬೆಳೆಯುವವರು ಕಡಿಮೆಯಾಗುತ್ತಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ, ಏಕೆಂದರೆ ಕಾಳು ಡಬ್ಬಿಯಲ್ಲಿ ಉಳಿದರೂ ಆ ಪರೀಕ್ಷೆ ಅಲ್ಲಿಗೆ ನಿಂತುಹೋಗುತ್ತದೆ.

ಉತ್ತರ — ಕಾಫಿ ತೋಟ, ಮೂಡಿಗೆರೆ

ನಾನು ವಿಜ್ಞಾನ ಓದಿದವನಲ್ಲ, ಬೆಳೆಗಾರ. ಇದನ್ನು ಓದುತ್ತಿದ್ದಂತೆ ನನ್ನ ಅರೇಬಿಕಾ ಗಿಡಗಳ ನೆನಪಾಗಿ ಮನಸ್ಸು ಭಾರವಾಯಿತು. ಹೂಮಳೆ ಬೀಳಬೇಕಾದ ಹೊತ್ತಿಗೆ ಬೀಳುವುದಿಲ್ಲ. ಬಿದ್ದು ಹೂ ಅರಳಿದ ಮೇಲೆ ಹಿಂದೆಯೇ ಬರಬೇಕಾದ ಇನ್ನೊಂದು ಮಳೆ ಕೈಕೊಡುತ್ತದೆ. ನೆರಳು ತೆಳುವಾಗಿ ಬಿಸಿಲು ಬಿದ್ದ ಕಡೆಯಲ್ಲೆಲ್ಲ ಬಿಳಿ ಕಾಂಡಕೊರಕ ಹುಳು ಸೇರಿಕೊಳ್ಳುತ್ತದೆ. ಎಲೆ ಹಳದಿಯಾಗಿ ಜೋತುಬಿದ್ದ ಗಿಡದ ಬುಡ ಅಲುಗಾಡಿಸಿದರೆ ಹುಳು ಹಿಡಿದಿದೆಯೆಂದು ಕೈಗೇ ತಿಳಿಯುತ್ತದೆ. ಅಂಥದ್ದನ್ನು ಕಿತ್ತು ಸುಡುವುದು ಬಿಟ್ಟರೆ ಬೇರೆ ದಾರಿಯಿಲ್ಲ. ನಮ್ಮ ತಂದೆಯವರ ಕಾಲದಲ್ಲಿ ನೆಟ್ಟ ಗಿಡಗಳು ಇನ್ನೂ ಕಾಯಿ ಬಿಡುತ್ತಿವೆ. ಸೊಳ್ಳೆಯಂತೆ ಅವು ಪೀಳಿಗೆಯ ಮೇಲೆ ಪೀಳಿಗೆ ಬದಲಾಗಲು ಸಾಧ್ಯವೇ? ಪಕ್ಕದವರು ಅರೇಬಿಕಾ ತೆಗೆದು ರೋಬಸ್ಟಾ ಹಾಕುತ್ತಿದ್ದಾರೆ. ಅದು ಹೆಚ್ಚು ತಡೆದುಕೊಳ್ಳುವುದಕ್ಕೂ ಜೀನ್‌ಗೂ ಸಂಬಂಧವಿದೆಯೇ?

ಉತ್ತರ — ಕೀಟಲೋಕ

ಸರ್, ನಿಮ್ಮ ಪ್ರಶ್ನೆಯೇ ಶಿಕ್ಷಕಿಯವರ ಕೊನೆಯ ಪ್ರಶ್ನೆಗೆ ಬಾಗಿಲು ತೆರೆಯುತ್ತದೆ. ಹಿಂಡಿನಲ್ಲಿ ಮೊದಲೇ ಇರುವ ವೈವಿಧ್ಯವೇ ಬದಲಾವಣೆಯ ಬಂಡವಾಳ. ಆರಿಸಿಕೊಳ್ಳಲು ಏನೂ ಇಲ್ಲದಿದ್ದರೆ ಸೆಕೆಯಾಗಲಿ ಬರವಾಗಲಿ ಯಾವುದನ್ನು ಆರಿಸೀತು?

ಅರೇಬಿಕಾದ ಕಷ್ಟ ಇರುವುದು ಇಲ್ಲಿಯೇ. ಆ ಪ್ರಭೇದ ಹುಟ್ಟಿದ್ದು ರೋಬಸ್ಟಾ ಮತ್ತು ಯೂಜಿನಿಯಾಯ್ಡಿಸ್ ಎಂಬ ಎರಡು ಕಾಡು ಕಾಫಿ ಜಾತಿಗಳ ಬೆರಕೆಯಿಂದ. ಹೊಸ ಪ್ರಭೇದಕ್ಕೆ ದಕ್ಕಿದ್ದು ಆರಂಭದಲ್ಲಿಯೇ ಒಂದು ಚಿಟಿಕೆ ವೈವಿಧ್ಯ. ಮೇಲಾಗಿ ಅದು ಹೆಚ್ಚಾಗಿ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಇಥಿಯೋಪಿಯಾದಿಂದ ಯೆಮನ್‌ಗೆ, ಅಲ್ಲಿಂದ ಜಗತ್ತಿನ ತೋಟಗಳಿಗೆ ಹೋದದ್ದು ಬೆರಳೆಣಿಕೆಯ ಗಿಡಗಳ ಸಂತತಿ. ಬಾಬಾ ಬುಡನ್ ಅವರು ಏಳು ಬೀಜ ತಂದರೆಂಬ ನಮ್ಮ ಚಿಕ್ಕಮಗಳೂರಿನ ಐತಿಹ್ಯವನ್ನು ನೀವು ಬಲ್ಲಿರಿ. ಏಳೇ ಇದ್ದವೋ ಇಲ್ಲವೋ, ಕಾಫಿಯ ವಂಶಚರಿತ್ರೆಯ ಮಟ್ಟಿಗೆ ಆ ಕಥೆ ಸತ್ಯಕ್ಕೆ ಹತ್ತಿರವಾಗಿದೆ. ರೋಬಸ್ಟಾ ಹಾಗಲ್ಲ. ಅದಕ್ಕೆ ತನ್ನ ಪರಾಗ ತನಗೆ ಒಲ್ಲದು, ಬೇರೆ ಗಿಡದ ಪರಾಗವೇ ಬೇಕು. ಹಾಗಾಗಿ ಪ್ರತಿ ಕಾಯಿಯಲ್ಲೂ ಹೊಸ ಬೆರಕೆಯಾಗಿ ವೈವಿಧ್ಯ ಹೆಚ್ಚು ಉಳಿದುಕೊಂಡಿದೆ. ಆದರೆ ರೋಬಸ್ಟಾಕ್ಕೂ ಅದರದೇ ಮಿತಿಗಳಿವೆ. ವೈವಿಧ್ಯ ಹೆಚ್ಚೆಂದ ಮಾತ್ರಕ್ಕೆ ಎಲ್ಲ ಸೆಕೆಯನ್ನೂ ತಡೆಯುತ್ತದೆ ಎಂದು ನಾನು ಹೇಳಲಾರೆ.

ಹೊರಗಿನಿಂದ ಜೀನ್ ಬಂದು ಸೇರುವ ಇನ್ನೊಂದು ದಾರಿ ಇದೆ. ನಿಮ್ಮ ತೋಟದಲ್ಲಿ ಎಸ್. 795 ತಳಿ ಇದ್ದರೆ, ಅದರ ಮೈಯಲ್ಲಿ ಲೈಬೀರಿಕಾ ಎಂಬ ಬೇರೆ ಕಾಫಿ ಪ್ರಭೇದದ ಅಂಶ ಹರಿಯುತ್ತಿದೆ. ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿಯೇ ಬೆರೆತು ಹುಟ್ಟಿದ ಗಿಡದ ವಂಶವನ್ನು, ಇಲ್ಲಿಯೇ ಸಿಕ್ಕ ಕೆಂಟ್ಸ್ ತಳಿಯೊಂದಿಗೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಕೂಡಿಸಿ ಅದನ್ನು ರೂಪಿಸಿದರು. ಎಲೆತುಕ್ಕು ರೋಗ ತಡೆಯುವ ಶಕ್ತಿ ಹಾಗೆ ಎರವಲಾಗಿ ಬಂತು.

ಇಂಥ ಎರವಲು ಮನುಷ್ಯನ ಕೈಯಿಲ್ಲದೆಯೂ ನಡೆಯುತ್ತದೆ. ಉತ್ತರ ಅಮೆರಿಕದ ಹಿಮಮೊಲ ಚಳಿಗಾಲದಲ್ಲಿ ಬಿಳಿಯ ತುಪ್ಪಳ ತೊಡುತ್ತದೆ. ಹಿಮ ಬೀಳದ ನೆಲದಲ್ಲಿ ಬಿಳಿ ಮೊಲ ದೂರದಿಂದಲೇ ಬೇಟೆಗಾರ ಪ್ರಾಣಿಯ ಕಣ್ಣಿಗೆ ಬೀಳುತ್ತದೆ. ಪೆಸಿಫಿಕ್ ಕರಾವಳಿಯತ್ತ, ಹಿಮ ಕಡಿಮೆಯಿರುವ ಕಡೆ, ಚಳಿಗಾಲದಲ್ಲಿಯೂ ಕಂದಾಗಿಯೇ ಉಳಿಯುವ ಹಿಮಮೊಲಗಳಿವೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಬಣ್ಣಕ್ಕೆ ಅಗೌಟಿ ಎಂಬ ಜೀನಿನ ಒಂದು ರೂಪ ಕಾರಣವೆಂದೂ, ಅದು ಕಪ್ಪುಬಾಲದ ಜ್ಯಾಕ್‌ರ‍್ಯಾಬಿಟ್ ಎಂಬ ಬೇರೆ ಪ್ರಭೇದದೊಂದಿಗೆ ಹಿಂದೆಂದೋ ಆದ ಬೆರಕೆಯಿಂದ ಬಂದದ್ದೆಂದೂ ತೋರಿಸಿತು. ಹಿಮ ಇನ್ನೂ ಕಡಿಮೆಯಾದರೆ ಆ ಕಂದು ಮೊಲಗಳ ಪಾಲು ಹೆಚ್ಚಬಹುದು. ಬೆರಕೆಯಾದ ದಿನ ಅದರ ಉಪಯೋಗವನ್ನು ಯಾರೂ ಊಹಿಸಿರಲಾರರು.

ಇನ್ನು ವೇಗದ ಮಾತು. ವರ್ಷಕ್ಕೊಂದು ಪೀಳಿಗೆ ಮುಗಿಸುವ ಸಾಸಿವೆಗೆ ಏಳು ವರ್ಷದಲ್ಲಿ ಆದದ್ದು, ನಲವತ್ತು ವರ್ಷಕ್ಕೊಮ್ಮೆ ಮರುನೆಡುವ ಕಾಫಿ ತೋಟಕ್ಕೆ ಅಷ್ಟೇ ಪೀಳಿಗೆಗಳಲ್ಲಿ ಆಗಬೇಕೆಂದರೂ ಇನ್ನೂರು ವರ್ಷ ದಾಟುತ್ತದೆ. ಕಾಡಿನ ಮರಗಳ ಗತಿಯೂ ಇದೇ. ಅಲ್ಲದೆ ಆಯ್ಕೆ ಎಂದು ನಾವು ಸಲೀಸಾಗಿ ಬಳಸುವ ಪದದ ಹಿಂದೆ ಸಾವುಗಳ ಲೆಕ್ಕವಿದೆ. ಗಲಾಪಗೋಸ್ ದ್ವೀಪಸ್ತೋಮದ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿ ಫಿಂಚ್ ಹಕ್ಕಿಗಳ ಕೊಕ್ಕನ್ನು ವರ್ಷಗಟ್ಟಲೆ ಅಳೆದರು. 1977ರ ಬರದಲ್ಲಿ ಮಧ್ಯಮ ನೆಲಫಿಂಚ್‌ಗಳಲ್ಲಿ ನೂರಕ್ಕೆ ಸುಮಾರು 85ರಷ್ಟು ಇಲ್ಲವಾದವು. ಗಟ್ಟಿ ಬೀಜ ಒಡೆಯಬಲ್ಲ ದಪ್ಪ ಕೊಕ್ಕಿನವು ಹೆಚ್ಚಾಗಿ ಉಳಿದವು, ಮರಿಗಳಿಗೂ ದಪ್ಪ ಕೊಕ್ಕು ಬಂತು. ಅನಂತರ 1983ರ ಎಲ್ ನಿನೊ ಮಳೆಗೆ ಸಣ್ಣ ಬೀಜಗಳು ಹೇರಳವಾದಾಗ ಆಯ್ಕೆಯ ದಿಕ್ಕು ತಿರುಗಿ ಚಿಕ್ಕ ಕೊಕ್ಕಿನವಕ್ಕೆ ಅನುಕೂಲವಾಯಿತು. ಹಿಂಡು ದೊಡ್ಡದಿದ್ದರೆ, ವೈವಿಧ್ಯವಿದ್ದರೆ, ಇಂಥ ಪೆಟ್ಟು ತಿಂದೂ ಎದ್ದು ನಿಲ್ಲುತ್ತದೆ. ಚಿಕ್ಕ ಹಿಂಡು ಬದಲಾಗುವ ಮೊದಲೇ ಅಳಿದುಹೋಗಬಹುದು. ಆದ್ದರಿಂದ, ಮೇಡಂ, ವಿಕಾಸವೇ ಎಲ್ಲವನ್ನೂ ಸರಿಪಡಿಸುತ್ತದೆ ಎಂಬ ಭರವಸೆಯನ್ನು ಮಕ್ಕಳಿಗೆ ಕೊಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಪ್ರತಿಕ್ರಿಯೆ — ವಿಜ್ಞಾನ ಶಿಕ್ಷಕಿ, ತುಮಕೂರು ಜಿಲ್ಲೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. "ಬದಲಾದದ್ದು ಹಿಂಡಿನ ಲೆಕ್ಕ" ಎಂಬ ಮಾತನ್ನು ನಾಳೆ ಹಲಗೆಯ ಮೇಲೆ ಬರೆಯುತ್ತೇನೆ. ಅಂದು ನಾನು ಕೊಟ್ಟ ಉತ್ತರ ತಪ್ಪೆಂದು ಆ ಹುಡುಗಿಗೆ ಎಲ್ಲರ ಮುಂದೆಯೇ ಹೇಳುತ್ತೇನೆ. ಫ್ರಾಂಕ್ಸ್ ಅವರ ಪ್ರಯೋಗವನ್ನು ಓದಿದಾಗ ಇನ್ನೊಂದು ಆಸೆ ಹುಟ್ಟಿತು. ನಮ್ಮ ಶಾಲೆಯ ಹಿಂದೆ ಸ್ವಲ್ಪ ಜಾಗವಿದೆ, ಸುತ್ತಲೂ ರಾಗಿ ಹೊಲಗಳಿವೆ. ಪ್ರತಿವರ್ಷ ಒಂದೇ ಹೊಲದಿಂದ ರಾಗಿ ಬೀಜ ಎತ್ತಿಟ್ಟು, ಕೆಲವು ವರ್ಷಗಳ ಬಳಿಕ ಒಟ್ಟಿಗೆ ಬಿತ್ತಿಸಿ ತೆನೆ ಬಂದ ದಿನವನ್ನು ಮಕ್ಕಳಿಂದ ಬರೆಸಬಹುದೇ?

ಉತ್ತರ — ಬೀಜದ ಗಡಿಗೆ

ಖಂಡಿತ ಮಾಡಬಹುದು, ಆದರೆ ರಾಗಿ ಬೇಡ. ರಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ಸುಧಾರಿತ ತಳಿಯ ಹೊಲದಲ್ಲಿ ಗಿಡಗಿಡಕ್ಕೆ ವ್ಯತ್ಯಾಸ ಬಹಳ ಕಡಿಮೆ, ಕಾಫಿಯ ಬಗ್ಗೆ ಮೇಲೆ ಹೇಳಿದ ಕಥೆಯೇ ಇಲ್ಲಿಯೂ. ಅದೇ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹಾಕಿರುತ್ತಾರಲ್ಲ, ಅದನ್ನು ತೆಗೆದುಕೊಳ್ಳಿ. ಹುಚ್ಚೆಳ್ಳಿಗೆ ಬೇರೆ ಗಿಡದ ಪರಾಗ ಬೇಕು, ಜೇನು ಅದನ್ನು ತಂದುಕೊಡುತ್ತದೆ. ಹಾಗಾಗಿ ಒಂದೇ ಸಾಲಿನಲ್ಲಿಯೂ ಬೇಗ ಹೂಬಿಡುವವು, ತಡವಾಗಿ ಬಿಡುವವು ಎರಡೂ ಇರುತ್ತವೆ. ಅಂಗಡಿಯಿಂದ ಬೀಜ ತರದೆ, ಮನೆಯ ಬೀಜವನ್ನೇ ವರ್ಷವರ್ಷ ಬಿತ್ತುವ ರೈತರನ್ನು ಹುಡುಕಿಕೊಳ್ಳಿ.

ಆಯುವಾಗ ದೊಡ್ಡ ಹೂವಿನದ್ದೆಂದು ಆರಿಸಬೇಡಿ. ಸಾಲಿನುದ್ದಕ್ಕೂ ನಡೆಯುತ್ತಾ ಎಷ್ಟನೆಯ ಗಿಡವೆಂದು ಮೊದಲೇ ಗೊತ್ತುಮಾಡಿಕೊಂಡು, ಕನಿಷ್ಠ ನೂರು ಗಿಡಗಳಿಂದ ಸಮನಾಗಿ ತೆಗೆದುಕೊಳ್ಳಿ. ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಗಾಜಿನ ಸೀಸೆಯಲ್ಲಿ ಹಾಕಿ ತಂಪಾದ ಕಡೆ ಇಡಿ. ಸೀಸೆಯ ಮೇಲೆ ವರ್ಷ, ಹೊಲ, ಬಿತ್ತಿದ ದಿನ, ಆ ಹಂಗಾಮಿನ ಮಳೆಯ ದಿನಗಳನ್ನು ಮಕ್ಕಳ ಕೈಯಲ್ಲೇ ಬರೆಸಿ. ಎಣ್ಣೆಕಾಳಾದ್ದರಿಂದ ಹೆಚ್ಚು ವರ್ಷ ಬಿಟ್ಟರೆ ಮೊಳಕೆ ಕಡಿಮೆಯಾಗುತ್ತದೆ, ಐದು ವರ್ಷದೊಳಗೆ ಬಿತ್ತಿಬಿಡುವುದು ಒಳ್ಳೆಯದು. ಆಗಲೂ ಸೀಸೆಯಿಂದ ತೆಗೆದ ಬೀಜದ ಗಿಡವನ್ನೇ ಹೋಲಿಸಬೇಡಿ. ಹಳೆಯದನ್ನೂ ಹೊಸದನ್ನೂ ಒಂದು ಸಲ ಒಂದೇ ಪಾತಿಯಲ್ಲಿ, ನಡುವೆ ಸೊಳ್ಳೆಪರದೆ ಕಟ್ಟಿ ಬೇರೆಬೇರೆಯಾಗಿ ಬೆಳೆಸಿ, ಪರದೆಯೊಳಗೆ ಜೇನು ಬಾರದಾದ್ದರಿಂದ ಮಕ್ಕಳೇ ಒಂದು ಗಿಡದ ಹೂವನ್ನು ಇನ್ನೊಂದರ ಹೂವಿಗೆ ತಾಗಿಸಿ ಕಾಳು ಕಟ್ಟಿಸಲಿ. ಆ ಕಾಳನ್ನು ಬಿತ್ತಿದಾಗ ಬರುವ ಹೂವಿನ ದಿನವನ್ನು ಎಣಿಸಿ. ತಾಯಿಗಿಡ ಉಂಡ ಬರ, ಸೀಸೆಯಲ್ಲಿ ಕಳೆದ ವರ್ಷಗಳು ಇವೆರಡರ ಪ್ರಭಾವ ಆಗ ಕಳೆದು, ಉಳಿಯುವ ವ್ಯತ್ಯಾಸ ವಂಶದ್ದಾಗಿರುತ್ತದೆ.

ಹುಚ್ಚೆಳ್ಳು ಹೂಬಿಡುವ ಕಾಲ ಬಂದಾಗ ಇಲ್ಲಿಯೇ ತಿಳಿಸಿ. ಸಾಧ್ಯವಾದರೆ ಮೊದಲ ಸಲ ಬೀಜ ಆಯುವ ದಿನ ನಾನೂ ಬರುತ್ತೇನೆ.